ದೊನ್ ಬೇತೋನ ಸಾರಿನ ಉಪ್ಪು

ಬೆಟ್ಟ ಹತ್ತುವ ದಿನ ಬೆಳಗ್ಗೆ ಅಡುಗೆಮನೆ ಗುಡಿಸುತ್ತಿದ್ದ ತಿಲಾ ಪೊರಕೆ ಹಿಡಿದಂತೆಯೇ ನಿಂತುಬಿಟ್ಟಳು. ಕಿಟಕಿಯ ಕಟ್ಟೆಯ ಮೇಲೆ ಅತ್ತೆಯ ಉಪ್ಪಿನ ಬಟ್ಟಲು ತುಂಬಿದ್ದು ತುಂಬಿದ ಹಾಗೇ ಕೂತಿತ್ತು. ಹಿಂದಿನ ಸಂಜೆಯೇ ಹಬ್ಬದ ಕರಿಸಾರಿಗೆ ಬೀಳಬೇಕಾಗಿದ್ದ ಉಪ್ಪು ಅದು. ಬಿದ್ದಿಲ್ಲವೋ, ಇಲ್ಲ ಬಿದ್ದ ಮೇಲೆ ಅತ್ತೆ ಬಟ್ಟಲನ್ನು ಮತ್ತೆ ತುಂಬಿಟ್ಟಳೋ, ಹೇಳುವವರು ಯಾರು?

ಒಂದು ಚಮಚ ನೆಕ್ಕಿ ನೋಡಿದರಾಯಿತಪ್ಪ, ಅದಕ್ಕೇನು ಮಹಾ, ಎನ್ನುತ್ತೀರಿ. ಆಗುವುದಿಲ್ಲ. ಅದು ದೊನ್ ಬೇತೋನ ಸಾರು. ಅವನು ಉಣ್ಣುವ ಮೊದಲು ಅಡುಗೆ ಮಾಡಿದವಳ ನಾಲಿಗೆಗೂ ತಾಗುವಂತಿಲ್ಲ, ಎಂಜಲಾಗುತ್ತದೆ.

ದೊನ್ ಬೇತೋ ಎಂದರೆ ತೆಪೆತ್ಲಾ ಊರಿನ ನೆತ್ತಿಯ ಮೇಲೆ ಕೂತಿರುವ ಬೆಟ್ಟ. ಒಂದು ಕಾಲಕ್ಕೆ ಬೆಂಕಿ ಕಾರಿದವನು, ಈಗ ಹೊಟ್ಟೆ ತಣ್ಣಗಾಗಿ ಮಲಗಿದ್ದಾನೆ. ಆಚೆ ದಿನಬೆಳಗಾದರೆ ಹೊಗೆ ಬಿಡುವ ಪೊಪೊಕಾತೆಪೆತ್ಲ್ ಅವನ ಅಣ್ಣ. ಅಣ್ಣ ದೊಡ್ಡ ಮನುಷ್ಯ, ಅವನ ಹಬ್ಬಕ್ಕೆ ಟಿ.ವಿ.ಯವರೂ ಬರುತ್ತಾರೆ. ತಮ್ಮನಿಗೆ ತೆಪೆತ್ಲಾದವರೇ ಗತಿ. ಹಾಗೆಂದು ಹಗುರವಾಗಿ ಕಾಣುವಂತಿಲ್ಲ. ಊರಿನ ಜೋಳದ ಹೊಲಕ್ಕೆ ಮಳೆ ಕೊಡುವವನೂ ಅವನೇ, ಮುನಿದರೆ ಆಲಿಕಲ್ಲು ಸುರಿಯುವವನೂ ಅವನೇ. ಆದ್ದರಿಂದ ಮಾರ್ಚ್ ತಿಂಗಳಲ್ಲಿ, ಅವನ ಹುಟ್ಟುಹಬ್ಬಕ್ಕೆ, ಹೊಸ ಬಟ್ಟೆ, ಹಣ್ಣು, ಮೆಸ್ಕಾಲ್ ಹೆಂಡದ ಬಾಟಲಿ, ಟರ್ಕಿ ಕೋಳಿಯ ಕರಿಸಾರು, ಜೊತೆಗೆ ವಾದ್ಯದವರು, ಎಲ್ಲರೂ ಬೆಟ್ಟ ಹತ್ತಿ ಅವನ ಗಂಟಲಿಗೇ ಇಳಿಯಬೇಕು. ಗಂಟಲೆಂದರೆ ಗವಿ. ಹಿಂದೆ ಬೆಂಕಿಯ ಹೊಳೆ ಹರಿದಾಗ ಮೇಲ್ಪದರ ಕಲ್ಲಾಗಿ ನಿಂತಿತು, ಒಳಗಿನ ಬೆಂಕಿ ಹರಿದು ಹೋಯಿತು, ಕೊಳವೆ ಉಳಿಯಿತು. ಅದರ ಕೊನೆಯ ಕೋಣೆಯಲ್ಲಿ ದೊನ್ ಬೇತೋ ಅಜ್ಜನ ವಾಸ.

ಏನು ಬೇಕೆಂದು ಅವನು ಪ್ರತಿವರ್ಷ ಬೆಟ್ಟದ ಪೂಜೆ ನಡೆಸುವ ಮಳೆಗಾರ ಮಕಾರಿಯೋನ ಕನಸಿನಲ್ಲಿ ಬಂದು ಹೇಳುತ್ತಾನೆ. ಈ ಸಲ ಪಟ್ಟೆ ಪಟ್ಟೆಯ ಪೈಜಾಮ ಕೇಳಿದ್ದ. ವಯಸ್ಸಾಯಿತಲ್ಲ, ಬಿಗಿ ಪ್ಯಾಂಟು ಸೇರುವುದಿಲ್ಲ ಎಂದರು ಕೆಲವರು. ಬೆಟ್ಟದ ಸೊಂಟದ ಅಳತೆ ಎಷ್ಟೆಂದು ಊರಲ್ಲಿ ಒಂದು ವಾರ ಜಗಳವಾಯಿತು.

ಹಬ್ಬದ ಹೊಣೆ ಮನೆಯಿಂದ ಮನೆಗೆ ಸರದಿಯ ಮೇಲೆ ಬರುತ್ತದೆ. ಈ ವರ್ಷ ತಿಲಾಳ ಅತ್ತೆ ದೊನ್ಯಾ ಚೆಂಚಾಳ ಮನೆಗೆ ಬಂದಿತ್ತು. ಯಾರ ಮನೆಯ ಸರದಿಯಾದರೂ ಸಾರು ಮಾತ್ರ ಚೆಂಚಾಳದೇ. ಆ ಕೈ ಊರಿಗೆ ಊರೇ ಒಪ್ಪಿದ ಕೈ. ಒಂದೇ ಒಂದು ವರ್ಷ ಅವಳು ಬಾಣಂತನಕ್ಕೆಂದು ಮಗಳ ಮನೆಗೆ ಹೋಗಿದ್ದಾಗ ನಿನ್ಫಾ ಎಂಬವಳು ಸೌಟು ಹಿಡಿದಳು. ಮೆಣಸಿನಕಾಯಿ ಸೀದು ಕಹಿಯಾಯಿತು. ಜೂನ್‌ನಲ್ಲಿ ಆಲಿಕಲ್ಲು ಬಿದ್ದು ಎಳೆ ಜೋಳವೆಲ್ಲ ನೆಲ ಹಿಡಿಯಿತು. ಅವಳ ಮೊಮ್ಮಕ್ಕಳು ಶಾಲೆಗೆ ಹೋಗುವ ವಯಸ್ಸಾದರೂ ಅವಳಿಗಿನ್ನೂ ಆಲಿಕಲ್ಲು ನಿನ್ಫಾ ಎಂದೇ ಹೆಸರು. ಊರಿನ ಬಾಯಿ ಅಂಥದು, ಹಿಡಿದರೆ ಬಿಡುವುದಿಲ್ಲ.

ತಿಲಾಳ ಹೆದರಿಕೆ ಇದೇ. ಅವಳು ಕೆಳಗಿನ ಬಯಲು ಸೀಮೆಯಿಂದ ಮದುವೆಯಾಗಿ ಬಂದವಳು. ಬಂದು ಎಷ್ಟೋ ವರ್ಷವಾದರೂ ಬಾವಿಕಟ್ಟೆಯಲ್ಲಿ ಅವಳು 'ಕೆಳಗಿನೋಳು' ಅಷ್ಟೇ. ಈ ಸಲ ಕಲ್ಲಿನ ಮೇಲೆ ಮೆಣಸಿನಕಾಯಿ, ಎಳ್ಳು, ಕೋಕೋ ಅರೆದುಕೊಟ್ಟವಳು ಅವಳೇ ಎಂದು ಎಲ್ಲರಿಗೂ ಗೊತ್ತು. ಸಾರು ಸಪ್ಪೆಯಾಗಲಿ, ಉಪ್ಪಾಗಲಿ, ಅತ್ತೆಯ ಹೆಸರು ಹಾಳಾಗುವುದು ಒಂದು; ಕೆಳಗಿನೋಳು ಕೈಯಿಟ್ಟಳು, ಕೆಟ್ಟಿತು ಎಂಬ ಮಾತು ಸಾಯುವವರೆಗೆ ಬೆನ್ನು ಬಿಡದಿರುವುದು ಇನ್ನೊಂದು.

ಅರೆಯುವುದು, ಹುರಿಯುವುದು ಸೊಸೆಗೆ ಬಿಟ್ಟರೂ ಚೆಂಚಾ ಉಪ್ಪನ್ನು ಮಾತ್ರ ಯಾರಿಗೂ ಬಿಟ್ಟವಳಲ್ಲ. ಆ ಹೊತ್ತಿಗೆ ಎಲ್ಲರನ್ನೂ ಹೊರಗೆ ಅಟ್ಟಿ ಬಾಗಿಲು ಹಾಕಿಕೊಳ್ಳುವಳು. ನಿನ್ನೆಯೂ ಹಾಕಿಕೊಂಡಿದ್ದಳು. ಅಷ್ಟರಲ್ಲಿ ದರ್ಜಿಯ ಕಡೆಯವರು ಪೈಜಾಮ ತೋರಿಸಲು ಬಂದು ಬಾಗಿಲು ಬಡಿದರು. ಅತ್ತೆ ಹೊರಗೆ ಬಂದಳು, ಪೈಜಾಮವನ್ನು ಹಿಡಿದೆಳೆದು ನೋಡಿ ಹೊಲಿಗೆಗೆ ಹೆಸರಿಟ್ಟಳು, ಆಮೇಲೆ ಸಾರಿನ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಮಲಗಿದಳು. ನಡುವೆ ಉಪ್ಪು ಬಿತ್ತೇ?

ಮೆರವಣಿಗೆ ಹೊರಟಿತು. ಮುಂದೆ ಕೋಲೂರುತ್ತಾ ಮಕಾರಿಯೋ, ಅವನ ಹಿಂದೆ ಹೂವು ಹಣ್ಣಿನ ಬುಟ್ಟಿಗಳು, ವಾದ್ಯದವರು, ಕೊನೆಯಲ್ಲಿ ಸಾರಿನ ಮಡಕೆಯನ್ನು ಶಾಲಿನಲ್ಲಿ ಬೆನ್ನಿಗೆ ಬಿಗಿದುಕೊಂಡ ತಿಲಾ, ಪಕ್ಕದಲ್ಲಿ ಅತ್ತೆ. ತಿಲಾಳ ಗಂಡ ಫಿದೆನ್ಸಿಯೋ ಟೂಬಾ ಊದುವವನು. ಆ ಹಿತ್ತಾಳೆ ಹಂಡೆಯನ್ನು ಹೆಗಲಿಗೆ ಸುತ್ತಿಕೊಂಡು ಏದುಸಿರು ಬಿಡುತ್ತಾ ಹತ್ತುತ್ತಿದ್ದ. ಕೊಳಲು ಕಲಿ ಎಂದು ಚಿಕ್ಕಂದಿನಲ್ಲೇ ಬಡಿದುಕೊಂಡೆ, ಕೇಳಲಿಲ್ಲ, ಅನುಭವಿಸು ಎಂದು ಚೆಂಚಾ ವರ್ಷ ವರ್ಷದ ಮಾತನ್ನೇ ಹೇಳಿದಳು.

ದೇವದಾರು ಮರಗಳು ಮುಗಿದು ಒಣಹುಲ್ಲಿನ ಬಯಲು ಬಂತು. ಅದೂ ಮುಗಿದು ಕರಿಮರಳಿನ ಏರು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುವ ದಾರಿ. ಅತ್ತೆ ಸುಧಾರಿಸಿಕೊಳ್ಳಲು ನಿಂತ ಹೊತ್ತು ನೋಡಿ ತಿಲಾ ಮೆಲ್ಲಗೆ ಕೇಳಿದಳು. "ಅತ್ತೆ, ಉಪ್ಪಿನ ಬಟ್ಟಲು ಕಿಟಕೀಲೇ ಇತ್ತಲ್ಲ..."

"ನಿನಗ್ಯಾಕೆ ಉಪ್ಪಿನ ಚಿಂತೆ? ನೀನು ಹುಟ್ಟೋ ಮೊದಲಿಂದ ಉಪ್ಪು ಹಾಕ್ತಿದೀನಿ ನಾನು. ನೆಟ್ಟಗೆ ದಾರಿ ನೋಡ್ಕೊಂಡು ನಡಿ, ಮಡಕೆ ಬಿದ್ದಾತು."

ತಿಲಾ ಶಾಲಿನ ಗಂಟು ಬಿಗಿಮಾಡಿಕೊಂಡಳು. ಬೈಗುಳ ಹೊಸದಲ್ಲ. ಹೊಸದೆಂದರೆ ಈಚೆಗೆ ಅದು ಕಡಿಮೆಯಾಗಿದ್ದದ್ದು. ಕ್ರಿಸ್‌ಮಸ್ ಹೊತ್ತಿಗೆ ಅತ್ತೆ ಜೋರು ಜ್ವರ ಬಂದು ಹಾಸಿಗೆ ಹಿಡಿದಿದ್ದಳು. ಎದ್ದ ಮೇಲೆ ಬೇರೆಯೇ ಹೆಂಗಸು. ತಿಲಾ ಮಾಡಿದ ಕಾಳಿನ ಸಾರನ್ನು ಚೆನ್ನಾಗಿದೆ ಎಂದಳು. ರೊಟ್ಟಿ ಚೆನ್ನಾಗಿದೆ, ಕಡುಬು ಚೆನ್ನಾಗಿದೆ, ಕೊನೆಗೆ ತಳ ಹಿಡಿದ ಗಂಜಿಯೂ ಚೆನ್ನಾಗಿದೆ. ಮದುವೆಯಾಗಿ ಬಂದ ದಿನದಿಂದ ಒಂದು ಒಳ್ಳೆಯ ಮಾತು ಕೇಳದಿದ್ದ ಸೊಸೆ ಆ ಮೂರು ತಿಂಗಳು ನೆಲದ ಮೇಲೆ ನಡೆಯಲಿಲ್ಲ. ಅಂತೂ ನನ್ನ ಕೈ ಅತ್ತೆಗೆ ಒಗ್ಗಿತು ಎಂದು ಗಂಡನ ಹತ್ತಿರ ಹೇಳಿಕೊಂಡು ಹಿಗ್ಗಿದ್ದೇ ಹಿಗ್ಗಿದ್ದು.

ಗವಿಯ ಬಾಯಿ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಾಯೆಂದರೆ ಸೂರು ಕುಸಿದು ಬಿದ್ದ ಹಳ್ಳ. ಅಂಚಿನಲ್ಲಿ ಜರೀಗಿಡಗಳು, ಒಳಗಿಂದ ತಣ್ಣನೆಯ ಗಾಳಿ. ಮೂರು ಕಲ್ಲಿಟ್ಟು ಬೆಂಕಿ ಮಾಡಿ ಸಾರು ಬಿಸಿಗಿಟ್ಟರು. ಉಕ್ಕಿದ ಒಂದು ಹನಿ ಕಲ್ಲಿನ ಮೇಲೆ ಬಿತ್ತು, ಯಾರದೋ ನಾಯಿ ಬಂದು ನೆಕ್ಕಿತು. ತಿಲಾ ಕೂತಲ್ಲಿಂದಲೇ ಬಗ್ಗಿ ನಾಯಿಯ ಮುಖವನ್ನು ದಿಟ್ಟಿಸಿದಳು. ನಾಯಿ ಬಾಲವಾಡಿಸಿತು. ನಾಯಿಗೆ ಉಪ್ಪಿನ ಗೊಡವೆ ಏನು? ಅದು ಸಪ್ಪೆ ಸಿಕ್ಕರೂ ಆಡಿಸುತ್ತದೆ, ಚಪ್ಪಲಿ ಸಿಕ್ಕರೂ ಆಡಿಸುತ್ತದೆ. ತಲೆ ಎತ್ತಿದರೆ ಅತ್ತೆಯೂ ಆ ನಾಯಿಯನ್ನೇ ನೋಡುತ್ತಿದ್ದಳು. ತಟ್ಟನೆ ಮುಖ ತಿರುಗಿಸಿಕೊಂಡಳು.

ಏಣಿಯಿಳಿದು ಒಳಗೆ ಹೋದರು. ತಲೆಗೆ ಕಟ್ಟಿಕೊಂಡ ಬ್ಯಾಟರಿ ದೀಪಗಳು ಹತ್ತಿದವು. ಸೂರಿನಿಂದ ಕಲ್ಲು ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಇಳಿದು ನಿಂತಿತ್ತು, ನೆಲ ಹೆಣೆದ ಹಗ್ಗದಂತೆ ಸುರುಳಿ ಸುರುಳಿ. ಬೆಂಕಿಯ ಹೊಳೆ ಎಷ್ಟೆತ್ತರ ಹರಿದಿತ್ತೆಂದು ಗೋಡೆಯ ಗೆರೆಗಳು ಇವತ್ತಿಗೂ ಹೇಳುತ್ತವೆ. ಮೇಲಿನ ಪೊದೆಗಳ ಬೇರುಗಳು ಸೂರು ತೂರಿಕೊಂಡು ಬಂದು ಜೋತಾಡುತ್ತಿದ್ದವು. ಅಜ್ಜನ ಗಡ್ಡ ಅದು, ಎಳೆಯಬಾರದು. ತಿಲಾಗೆ ಈ ಗವಿಯೆಂದರೆ ಪ್ರೀತಿ. ಮದುವೆಯಾದ ವರ್ಷ ಮೊದಲ ಸಲ ಇಳಿದಾಗ ಹೆದರಿ ಅತ್ತೆಯ ಲಂಗ ಹಿಡಿದುಕೊಂಡಿದ್ದಳು. ಈಗ ಕಾಲೇ ದಾರಿ ಹುಡುಕಿಕೊಳ್ಳುತ್ತದೆ. ಆದರೆ ಈ ಹೊತ್ತು ಬೆನ್ನ ಮೇಲಿನ ಮಡಕೆ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಿತ್ತು.

ಮುಂದೆ ಗಂಟಲು ಕಿರಿದಾಗುತ್ತದೆ, ಎಲ್ಲರೂ ಹೊಟ್ಟೆಯ ಮೇಲೆ ತೆವಳಬೇಕು. ಫಿದೆನ್ಸಿಯೋನ ಟೂಬಾ ಪ್ರತಿವರ್ಷದಂತೆ ಅಲ್ಲೇ ಸಿಕ್ಕಿಕೊಂಡಿತು. ಈ ಕಡೆಯಿಂದ ಇಬ್ಬರು ನೂಕಿ, ಆ ಕಡೆಯಿಂದ ಇಬ್ಬರು ಎಳೆದು, ಹಳೆಯ ನೆಗ್ಗಿನ ಪಕ್ಕ ಹೊಸ ನೆಗ್ಗು ಬಿದ್ದ ಮೇಲೆ ಅದು ಪಾರಾಯಿತು. ಸಾರಿನ ಮಡಕೆ ಕೈಯಿಂದ ಕೈಗೆ ದಾಟಿ ಬಂತು.

ಆಚೆ ಪಡಸಾಲೆಯಂಥ ಜಾಗ. ಅಲ್ಲಿ ಎಲ್ಲರೂ ಗೋಡೆಗೊರಗಿ ಕೂರಬೇಕು. ಮಕಾರಿಯೋ ಒಬ್ಬನೇ ಒಳಕೋಣೆಗೆ ಹೋಗಿ ಅಜ್ಜನನ್ನು ಎಬ್ಬಿಸಿ ಹೊಸ ಬಟ್ಟೆ ತೊಡಿಸುತ್ತಾನೆ. ಅಷ್ಟು ಹೊತ್ತೂ ದೀಪಗಳೆಲ್ಲ ಆರಿರಬೇಕು, ಯಾರೂ ಮಾತಾಡಬಾರದು. ಬಟ್ಟೆ ಬದಲಿಸುವಾಗ ನೋಡಿದರೆ ದೊನ್ ಬೇತೋಗೆ ನಾಚಿಕೆ. ಇದು ಹಿಂದಿನಿಂದ ಬಂದ ಪದ್ಧತಿ. ಮಕಾರಿಯೋ ಪೈಜಾಮ ಹಿಡಿದು ಒಳಗೆ ಹೋಗುವ ಮುನ್ನ ಒಮ್ಮೆ ತಿರುಗಿ ಅತ್ತೆ ಸೊಸೆಯರನ್ನು ನೋಡಿದ. ದೀಪಗಳು ಒಂದೊಂದಾಗಿ ಆರಿದವು.

ಗವಿಯ ಕತ್ತಲೆ ಮನೆಯ ಕತ್ತಲೆಯಲ್ಲ. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಒಳಗಿಂದ ಮಕಾರಿಯೋನ ಗುಣುಗುಣು. ತಿಲಾ ತಾನು ಮಾಡುತ್ತಿರುವುದು ಏನೆಂದು ತಿಳಿಯುವ ಮೊದಲೇ ಮಡಕೆಯ ಬಟ್ಟೆ ಸಡಿಲಿಸಿದ್ದಳು. ದೊನ್ ಬೇತೋ, ಹೊಟ್ಟೆಗೆ ಹಾಕಿಕೋ ತಂದೆ, ಒಂದು ಬೆರಳು ಮಾತ್ರ ಎಂದು ಮನಸ್ಸಿನಲ್ಲೇ ಬೇಡಿಕೊಂಡು ತೋರುಬೆರಳು ಅದ್ದಿದಳು. ಸಾರು ಉಗುರುಬೆಚ್ಚಗಿತ್ತು.

ಸಾರಿನೊಳಗೆ ಇನ್ನೊಂದು ಬೆರಳು ತಾಗಿತು.

ಕಿರುಚಲಿಲ್ಲ, ಅದೇ ಪುಣ್ಯ. ಗೆಣ್ಣು ಸೊಟ್ಟಗಾದ ಬೆರಳು. ಆ ಬೆರಳನ್ನು ಅವಳು ಎಲ್ಲಿದ್ದರೂ ಗುರುತು ಹಿಡಿದಾಳು.

"ಯಾರೇ ಅದು?" ಕಿವಿಯ ಪಕ್ಕದಲ್ಲೇ ಅತ್ತೆಯ ಉಸಿರು.

"ನಾನೇ ಅತ್ತೆ."

"ಕಳ್ಳಿ."

"ಮತ್ತೆ ನೀವು?"

ಆಚೆ ಯಾರೋ ಮೂಗು ಸೀಟಿಕೊಂಡರು. ಆಮೇಲೆ ಅತ್ತೆ, ತಿಲಾ ಈ ಜನ್ಮದಲ್ಲಿ ಅವಳಿಂದ ಕೇಳಿರದ ದನಿಯಲ್ಲಿ, ಪಿಸುಗುಟ್ಟಿದಳು. "ನೆಕ್ಕು. ನೆಕ್ಕಿ ನನಗೆ ಹೇಳು. ಉಪ್ಪಿದೆಯಾ?"

ತಿಲಾ ಬೆರಳು ಬಾಯಿಗಿಟ್ಟಳು. ಮೆಣಸಿನಕಾಯಿಯ ಹೊಗೆವಾಸನೆ, ಎಳ್ಳು, ಕೋಕೋ, ಕೋಳಿಯ ಜಿಡ್ಡು, ಎಲ್ಲ ಇತ್ತು. ಎಲ್ಲ ಇದ್ದೂ ನೆಂಟರು ಬಾರದ ಮದುವೆಮನೆಯ ಹಾಗಿತ್ತು.

"ಇಲ್ಲ ಅತ್ತೆ. ಒಂದು ಹರಳೂ ಬಿದ್ದಿಲ್ಲ. ನೀವೂ ನೆಕ್ಕಿದ್ರಲ್ಲ, ಗೊತ್ತಾಗ್ಲಿಲ್ವಾ?"

"ಗೊತ್ತಾಗಲ್ಲ ಕಣೇ. ಆ ಜ್ವರ ಬಂದಾಗಿಂದ ನಾಲಿಗೆ ಸತ್ತೋಗಿದೆ. ಉಪ್ಪೂ ಒಂದೇ, ಮಣ್ಣೂ ಒಂದೇ. ನಿನ್ನೆ ಬಾಗಿಲು ಹಾಕ್ಕೊಂಡು ನೆಕ್ಕಿ ನೆಕ್ಕಿ ನೋಡ್ದೆ. ಹಾಕ್ದೆ ಅನ್ಸ್ತು, ಇಲ್ಲ ಅನ್ಸ್ತು. ಅಷ್ಟ್ರಲ್ಲಿ ಆ ಹಾಳು ಪೈಜಾಮ ತಗೊಂಡು ಬಂದ್ರು."

"ಬಾಗಿಲು ಹಾಕ್ಕೊಂಡು ನೆಕ್ಕಿದ್ರಾ? ಪ್ರತಿ ವರ್ಷ?"

"ಇನ್ನೇನು, ಬಾಗಿಲು ಹಾಕ್ಕೊಂಡು ಜಪ ಮಾಡ್ತಿದ್ದೆ ಅಂದ್ಕೊಂಡ್ಯಾ? ನೆಕ್ಕದೆ ಸಾರು ಮಾಡೋಳು ಯಾವಳಿದಾಳೆ?"

"ಹಂಗಾದ್ರೆ ನನ್ನ ಕಾಳಿನ ಸಾರು ಚೆನ್ನಾಗಿದೆ ಅಂದಿದ್ದು? ಗಂಜಿ?"

"ಏನಾದ್ರೂ ಅನ್ಬೇಕಲ್ಲ. ಸುಮ್ನಿದ್ರೆ ನಿಂಗೆ ಅನುಮಾನ ಬರ್ತಿತ್ತು."

ಮೂರು ತಿಂಗಳ ಹಿಗ್ಗು ಅಲ್ಲಿಗೆ ಸೊರ್ರೆಂದು ಇಳಿಯಿತು. ಬೇಜಾರಾಯಿತು, ಆಗಲಿಲ್ಲ ಎಂದರೆ ಸುಳ್ಳು. ಅದರ ಬೆನ್ನಿಗೇ ಹೊಟ್ಟೆಯೊಳಗಿಂದ ನಗು ಎದ್ದಿತು. ಶಾಲು ಬಾಯಿಗೆ ತುರುಕಿಕೊಂಡಳು. ಪಕ್ಕದಲ್ಲಿ ಅತ್ತೆಯ ಭುಜವೂ ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಕತ್ತಲಲ್ಲಿ ತಿಳಿಯಲಿಲ್ಲ. ಯಾರಿಗೂ ಹೇಳಿಕೊಳ್ಳದೆ ಮೂರು ತಿಂಗಳು ಮಣ್ಣು ತಿಂದ ಹಾಗೆ ಉಂಡೆದ್ದಳಲ್ಲ ಈ ಮುದುಕಿ ಎಂದುಕೊಂಡಳು ತಿಲಾ. ತಡಕಾಡಿ ಆ ಸೊಟ್ಟ ಬೆರಳುಗಳನ್ನು ಹಿಡಿದುಕೊಂಡಳು, ಸಾರು ಮೆತ್ತಿದ್ದರೆ ಮೆತ್ತಲಿ ಎಂದು.

"ಶಾಲಿನ ತುದೀಲಿ ಉಪ್ಪು ಗಂಟು ಕಟ್ಕೊಂಡು ಬಂದಿದೀನಿ. ತಗೋ," ಎಂದಳು ಅತ್ತೆ.

"ನೀವೇ ಹಾಕಿ ಅತ್ತೆ. ನಿಮ್ಮ ಕೈಗೆ ಅಂದಾಜಿರುತ್ತೆ."

"ನಾಲಿಗೆ ಹೇಳ್ಕೊಡ್ತಿತ್ತು, ಕೈ ಹಾಕ್ತಿತ್ತು. ಈಗ ಕೈಗೆ ಹೇಳೋರಿಲ್ಲ. ನೀನೇ ಹಾಕು ತಿಲಾ."

ಅವಳನ್ನು ಹೆಸರು ಹಿಡಿದು ಕರೆದದ್ದೂ ಅಪರೂಪವೇ. ಮನೆಯಲ್ಲಿ 'ಲೇ' ಎಂದರೆ ಮುಗಿಯಿತು. ತಿಲಾ ಗಂಟು ಬಿಚ್ಚಿದಳು. ಒಂದು ಹಿಡಿ ಹಾಕಿ, ಬಡಿಸಲು ತಂದ ಸೌಟಿನಿಂದ ಸದ್ದಾಗದಂತೆ ತಿರುವಿ, ನೆಕ್ಕಿದಳು. ಸಾಲದು. ಮತ್ತಷ್ಟು. ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡಿದ್ದಳು, ಎಷ್ಟು ಬೀಳುತ್ತಿದೆ ಎಂದು ಹೊಸದಾಗಿ ಕಲಿಯುವವಳ ಹಾಗೆ. ಒಳಗೆ ಮಕಾರಿಯೋನ ಪ್ರಾರ್ಥನೆ ಮುಗಿಯುವ ಲಕ್ಷಣವೇ ಇರಲಿಲ್ಲ. ಈ ಸಲ ಯಾಕೋ ಸಂತರ ಹೆಸರನ್ನೆಲ್ಲ ಮೊದಲಿಂದ ಕೊನೆಯವರೆಗೆ ಕರೆಯುತ್ತಿದ್ದ. ಮಾತಾಡಬಾರದೆಂಬುದನ್ನು ಮರೆತ ಫಿದೆನ್ಸಿಯೋ, ಪೈಜಾಮ ಬಿಗಿಯಾಯಿತೇನೋ ಎಂದು ಗೊಣಗಿದ. ಶ್ ಎಂದರು ನಾಲ್ಕಾರು ಜನ.

ಕೊನೆಯ ಚಿಟಿಕೆ ಹಾಕಿ ನೆಕ್ಕಿದಾಗ ಸಾರಿಗೆ ಜೀವ ಬಂತು. ತಿಲಾ ಅತ್ತೆಯ ಕೈ ಅದುಮಿದಳು. ಮಡಕೆಯ ಬಾಯಿ ಕಟ್ಟಿದ್ದೂ, ದೊನ್ ಬೇತೋ ಎದ್ದಿದ್ದಾನೆ, ಬನ್ನಿ ಎಂದು ಮಕಾರಿಯೋ ಕೂಗಿದ್ದೂ ಒಂದೇ ಆಯಿತು.

ದೀಪಗಳು ಹತ್ತಿದವು. ಒಳಕೋಣೆಯಲ್ಲಿ ಅಜ್ಜನೆಂದು ಪೂಜಿಸುವ ಕಲ್ಲಿಗೆ ಪಟ್ಟೆ ಪೈಜಾಮ ಸುತ್ತಿತ್ತು, ಅಳತೆ ಸರಿಯಾಗಿಯೇ ಇತ್ತು. ಹೂವು ಹಣ್ಣು ಇಟ್ಟರು, ಮೆಸ್ಕಾಲ್ ಸುರಿದರು. ಮಡಕೆ ಮುಂದಿಟ್ಟು ಬಡಿಸಿದರು. ಅಜ್ಜನ ಪರವಾಗಿ ಮೊದಲ ತುತ್ತು ಮಳೆಗಾರನದು. ಮಕಾರಿಯೋ ಜೋಳದ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ, ಕಣ್ಣು ಮುಚ್ಚಿದ, ಅಗಿದ, ಇನ್ನೂ ಅಗಿದ. ಆಮೇಲೆ ಅವನು ಇನ್ನೊಂದು ತುತ್ತಿಗೆ ಕೈ ಹಾಕಿದ. ಅಜ್ಜನ ಪಾಲು ಒಂದೇ ತುತ್ತು. ಎರಡನೆಯದು ಅವನ ಸ್ವಂತದ್ದು.

ಅಜ್ಜನಿಗೆ ಮೆಚ್ಚುಗೆಯಾಯಿತು, ಕೈ ಎಂದರೆ ಚೆಂಚಾಳ ಕೈ ಎಂದ. ಹೌದು ಹೌದು, ಆ ಕೈಗೆ ಸಾಟಿಯಿಲ್ಲ ಎಂದು ಎಲ್ಲರೂ ದನಿಗೂಡಿಸಿದರು. ತಿಲಾ ಅದನ್ನು ನಿರೀಕ್ಷಿಸಿಯೇ ಇದ್ದಳು. ಹೆಸರು ಉಳಿಯಿತಲ್ಲ, ಅಷ್ಟೇ ಸಾಕೆಂದು ರೊಟ್ಟಿಯ ಬುಟ್ಟಿ ಬಿಚ್ಚತೊಡಗಿದಳು.

"ನನ್ನ ಕೈ ಅಲ್ಲ," ಎಂದಳು ಚೆಂಚಾ. ಗವಿಯಲ್ಲಿ ಆ ಮಾತು ಎರಡು ಸಲ ಕೇಳಿಸಿತು. "ಉಪ್ಪು ಹಾಕಿದ್ದು ನನ್ನ ಸೊಸೆ. ಇನ್ಮೇಲೆ ಅವಳೇ ಹಾಕ್ತಾಳೆ. ಯಾರಾದ್ರೂ ಅವಳನ್ನ ಕೆಳಗಿನೋಳು ಅಂದ್ರೆ, ಮುಂದಿನ ವರ್ಷ ಅವರ ತಟ್ಟೆಗೆ ಸಾರು ಬೀಳಲ್ಲ."

ಸಾರು ತಪ್ಪಿಸಿಕೊಳ್ಳುವಷ್ಟು ದಡ್ಡರು ಅಲ್ಲಿ ಯಾರಿದ್ದರು? ಫಿದೆನ್ಸಿಯೋ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಏನು ಮಾಡಬೇಕೆಂದು ತೋಚದೆ ಟೂಬಾ ಎತ್ತಿ ಊದಿಬಿಟ್ಟ. ಆ ಸದ್ದಿಗೆ ಸೂರಿನಿಂದ ದೂಳು ಉದುರಿತು, ಉಳಿದ ವಾದ್ಯಗಳೂ ಕೂಡಿಕೊಂಡವು. ಮಡಕೆಯ ತಳ ಕಾಣುವವರೆಗೆ ಉಂಡರು. ಆಲಿಕಲ್ಲು ನಿನ್ಫಾ ಮೂರು ಸಲ ಹಾಕಿಸಿಕೊಂಡಳು.

ಹೊರಡುವಾಗ ಕಿರಿದಾದ ಗಂಟಲಿನ ಬಳಿ ಮಕಾರಿಯೋ ತಿಲಾಳನ್ನು ತಡೆದ. ದೀಪದ ಬೆಳಕನ್ನು ಅವಳ ಬಲಗೈ ಮೇಲೆ ಹಾಯಿಸಿದ. ತೋರುಬೆರಳು ಗೆಣ್ಣಿನವರೆಗೆ ಕಂದು ಬಣ್ಣ.

"ಬೆಳಗಿಂದ ಇಬ್ಬರ ಕಣ್ಣೂ ಮಡಕೆ ಮೇಲೇ ಇತ್ತು," ಎಂದ ಮುದುಕ, ಸಣ್ಣ ದನಿಯಲ್ಲಿ. "ದೀಪ ಆರಿಸೋ ಪದ್ಧತಿ ತಂದೋನು ನಮ್ಮಜ್ಜ. ಆಗ ಸಾರು ಮಾಡ್ತಿದ್ದೋಳು ನಮ್ಮಜ್ಜಿ. ಬೆಟ್ಟಕ್ಕೆ ಯಾಕಮ್ಮ ನಾಚಿಕೆ? ಅಡುಗೆ ಮಾಡಿದೋಳಿಗೆ ಒಂದು ಗಳಿಗೆ ಬೇಕಾಗುತ್ತೆ, ಅಷ್ಟೇ. ಇವತ್ತು ಸ್ವಲ್ಪ ಜಾಸ್ತೀನೇ ಬೇಕಾಯ್ತು ನಿಮಗೆ. ಸಂತರ ಹೆಸರು ಮುಗಿದೋಗಿ ನಮ್ಮ ಮನೆ ಕತ್ತೆಗಳ ಹೆಸರೂ ಹೇಳ್ದೆ."

ತಿಲಾ ಕೈಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು, ನಗು ತಡೆಯಲಾರದೆ, ತೆವಳಿ ಪಾರಾದಳು.

ಹೊರಗೆ ಬಿಸಿಲು ಹಳದಿಯಾಗಿತ್ತು. ದೂರದಲ್ಲಿ ಅಣ್ಣ ಎಂದಿನಂತೆ ಹೊಗೆ ಬಿಡುತ್ತಿದ್ದ. ಇಳಿಯುವಾಗ ಕರಿಮರಳು ಕಾಲನ್ನು ತಾನೇ ಜಾರಿಸಿಕೊಂಡು ಹೋಗುತ್ತದೆ. ಹತ್ತುವಾಗ ಕೊಟ್ಟ ಕಷ್ಟಕ್ಕೆ ಅದು ಕೊಡುವ ಪರಿಹಾರ. ವಾದ್ಯದವರು ಮೆಸ್ಕಾಲ್ ಏರಿ ಹಾಡುತ್ತಾ ಮುಂದೆ ಹೋದರು. ಚೆಂಚಾ ಸೊಸೆಯ ತೋಳು ಹಿಡಿದು ಇಳಿಯುತ್ತಿದ್ದಳು. ಬೆಳಗ್ಗೆ ಹಿಡಿದಿರಲಿಲ್ಲ. ಹುಲ್ಲಿನ ಬಯಲು ಬಂತು.

"ಹೇಳೇ," ಎಂದಳು ಅತ್ತೆ. "ಹೆಂ‍ಗಿತ್ತು ಸಾರು?"

ತಿಲಾ ನಿಂತಳು. ಅತ್ತೆ ಕೈಯಾರೆ ಮಾಡಿ, ಬೆಟ್ಟ ಹತ್ತಿಸಿ, ಎಲ್ಲರಿಗೂ ಬಡಿಸಿ, ತಾನು ಮಾತ್ರ ಅದರ ರುಚಿ ಕಾಣದೆ ಇಳಿಯುತ್ತಿದ್ದಾಳೆಂದು ಆಗ ಹೊಳೆಯಿತು. ಅವಸರ ಮಾಡದೆ ಹೇಳಿದಳು. ಮೊದಲು ಕೋಕೋ ಬರುತ್ತೆ ಅತ್ತೆ, ಆಮೇಲೆ ಹುರಿದ ಎಳ್ಳು. ಖಾರ ತಕ್ಷಣ ಗೊತ್ತಾಗಲ್ಲ, ನುಂಗಿದ ಮೇಲೆ ಹಿಂದಿಂದ ಬಂದು ಕಿವಿ ಹಿಡಿಯುತ್ತೆ. ಬೆಲ್ಲದ ಒಂದು ಎಳೆ ಎಲ್ಲೋ ಒಳಗಿದೆ. ಕೋಳಿ ಎಲುಬು ಬಿಟ್ಟು ಬರುತ್ತೆ. ಅತ್ತೆ ಕಣ್ಣು ಮುಚ್ಚಿಕೊಂಡು, ಒಂದೊಂದಕ್ಕೂ ತಲೆಯಾಡಿಸುತ್ತಾ, ಬಾಯಲ್ಲಿ ನೀರೂರಿದವಳ ಹಾಗೆ ನುಂಗುತ್ತಿದ್ದಳು.

"ಉಪ್ಪು?" ಎಂದಳು ಕೊನೆಗೆ.

"ಉಪ್ಪು ಇದೆ ಅಂತಾನೇ ಗೊತ್ತಾಗ್ಲಿಲ್ಲ ಅತ್ತೆ."

ಚೆಂಚಾ ಕಣ್ಣು ತೆರೆದಳು. "ಹಂಗಾದ್ರೆ ಸರಿಯಾಗೇ ಹಾಕಿದೀಯ," ಎಂದು ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ನಡೆದಳು.